ಇತರಮ್ಮನ ಚುಕ್ಕೆ ಚಿತ್ರ

ನಮ್ಮ ಆಫೀಸಿನಲ್ಲಿ ಅವಳಿಗೆ ಇತರಮ್ಮ ಅಂತ ಹೆಸರಿಟ್ಟಿದ್ದು ನಾನೇ. ಅವಳು ವಾರ್ಷಿಕ ವರದಿಗೆ ಚಾರ್ಟ್ ಮಾಡುವವಳು. ಊರಿನಲ್ಲಿ ವರ್ಷಕ್ಕೆ ಎಷ್ಟು ಮಕ್ಕಳು ಹುಟ್ಟಿದವು, ಯಾವ ಕಾಯಿಲೆಗೆ ಎಷ್ಟು ಜನ ಆಸ್ಪತ್ರೆ ಸೇರಿದರು, ಎಷ್ಟು ಜನ ಹೇಗೆ ಸತ್ತರು ಅನ್ನುವ ಅಂಕಿಯೆಲ್ಲ ನಮ್ಮಲ್ಲಿಗೆ ಬಂದು ಬೀಳುತ್ತದೆ. ಆ ರಾಶಿಯನ್ನು ಅವಳು ಕಣ್ಣಿಗೆ ಕಾಣುವ ಹಾಗೆ ಮಾಡುತ್ತಾಳೆ. ನಾನು ಪಕ್ಕದ ಮೇಜಿನಲ್ಲಿ ಕೂತು ಅದೇ ವರದಿಯ ಅಕ್ಷರದ ತಪ್ಪು ತಿದ್ದುತ್ತೇನೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಅವಳು ಯಾರ ಮೇಲೂ ದನಿ ಎತ್ತಿದವಳಲ್ಲ. ಅದಕ್ಕೇ ಇಷ್ಟು ವರ್ಷ ಜೊತೆಗೆ ಕೂತಿದ್ದೇವೆ ಅಂತ ಕಾಣುತ್ತದೆ.

ಹೆಸರಿಗೆ ಕಾರಣ ಇದೆ. ಒಂದು ಚಾರ್ಟಿನಲ್ಲಿ ಏಳಕ್ಕಿಂತ ಹೆಚ್ಚು ಬಾರ್ ನಿಂತರೆ ಓದುವವನು ಪುಟ ತಿರುಗಿಸಿಬಿಡುತ್ತಾನೆ ಅಂತ ಅವಳ ಲೆಕ್ಕ. ಹಾಗಾಗಿ ದೊಡ್ಡ ಆರನ್ನು ಮಾತ್ರ ಇಟ್ಟುಕೊಂಡು, ಚಿಕ್ಕಪುಟ್ಟದ್ದನ್ನೆಲ್ಲ ಗುಡಿಸಿ ಒಟ್ಟು ಮಾಡಿ, ಕೊನೆಯಲ್ಲಿ ಒಂದು ಬೂದು ಬಾರ್ ನಿಲ್ಲಿಸಿ ಅದಕ್ಕೆ 'ಇತರೆ' ಅಂತ ಬರೆಯುತ್ತಿದ್ದಳು. ನಾವು ಬಿಡುತ್ತೇವೆಯೇ? ಡಬ್ಬಿಯಲ್ಲಿ ಉಳಿದ ಅನ್ನವೂ ಇತರೆ, ರಜೆ ಹಾಕಿದವನೂ ಇತರೆ, ಸಾಹೇಬರ ತಲೆಯಲ್ಲಿ ಉಳಿದ ಕೂದಲೂ ಇತರೆ. ಅವಳು ನಕ್ಕು ಸುಮ್ಮನಾಗುತ್ತಿದ್ದಳು.

ಆ ಸಾಹೇಬರಿಗೆ ಪೈ ಚಾರ್ಟಿನ ಹುಚ್ಚು. ಅದೂ ದಪ್ಪಗೆ ಎದ್ದು ನಿಂತಿರಬೇಕು, ಪಕ್ಕದಲ್ಲಿ ನೆರಳು ಬಿದ್ದಿರಬೇಕು. ಒಂದು ಸಲ ಅವರು ಹೇಳಿದ ಹಾಗೇ ಮಾಡಿ, ಮುದ್ರಿಸಿ, ಅವರ ಮುಂದೆ ಇಟ್ಟಳು.

"ಸಾರ್, ಈ ಎರಡು ಹೋಳಲ್ಲಿ ಯಾವುದು ದೊಡ್ಡದು?"

"ಮುಂದಿಂದು."

"ಹಿಂದಿಂದು ಸಾರ್. ಮುಂದಿಂದಕ್ಕೆ ದಪ್ಪ ಜಾಸ್ತಿ ಇದೆ, ಅದಕ್ಕೆ ಹಾಗೆ ಕಾಣುತ್ತೆ."

"ನನ್ನ ಹಾಗೇ ಅನ್ನಿ," ಅಂತ ಸಾಹೇಬರು ಹೊಟ್ಟೆ ಸವರಿಕೊಂಡರು. ಆಮೇಲೆ ಅವಳ ಕೆಲಸಕ್ಕೆ ತಲೆಹಾಕಲಿಲ್ಲ.

ಅವಳ ಕೆಲಸ ಎಂದರೆ ಹೆಚ್ಚಾಗಿ ತೆಗೆಯುವ ಕೆಲಸ. ಹಿಂದೆ ಹಾಕಿದ ಅಡ್ಡಗೆರೆಗಳನ್ನು ತೆಗೆಯುತ್ತಾಳೆ, ಸುತ್ತಲಿನ ಚೌಕಟ್ಟು ತೆಗೆಯುತ್ತಾಳೆ, ಯಾವ ಬಣ್ಣ ಯಾವುದಕ್ಕೆ ಅಂತ ಮೂಲೆಯಲ್ಲಿ ಕೊಟ್ಟಿರುವ ಡಬ್ಬಿ ತೆಗೆದು ಹೆಸರನ್ನು ಬಾರಿನ ಪಕ್ಕದಲ್ಲೇ ಬರೆಯುತ್ತಾಳೆ. ಬಾರ್ ಸೊನ್ನೆಯಿಂದಲೇ ಶುರುವಾಗಬೇಕು. ಉದ್ದದ್ದು ಮೇಲೆ, ಗಿಡ್ಡದ್ದು ಕೆಳಗೆ. ಯಾವ ಒಂದು ಮಾತು ಹೇಳಬೇಕೋ ಅದಕ್ಕೆ ಮಾತ್ರ ಬಣ್ಣ, ಉಳಿದದ್ದೆಲ್ಲ ಬೂದು. ಕೊನೆಗೆ ಆ ಹಾಳೆಯನ್ನು ಕಪ್ಪುಬಿಳುಪು ಜೆರಾಕ್ಸ್ ಮಾಡಿಸಿ ನೋಡುತ್ತಾಳೆ, ಯಾಕೆಂದರೆ ವರದಿ ಓದುವ ಜನ ಬಣ್ಣದ ಪ್ರತಿ ನೋಡುವುದು ಅಷ್ಟರಲ್ಲೇ ಇದೆ.

ಇಷ್ಟೆಲ್ಲ ಆದಮೇಲೂ ಹಾಳೆ ಅಚ್ಚಿಗೆ ಹೋಗುವುದಿಲ್ಲ. ಬ್ಯಾಗಿನಲ್ಲಿಟ್ಟುಕೊಂಡು ಮನೆಗೆ ಹೋಗಿ ಅತ್ತೆಗೆ ತೋರಿಸುತ್ತಾಳೆ. ಅತ್ತೆಗೆ ಓದು ಅಷ್ಟಕ್ಕಷ್ಟೆ, ಬಸ್ಸಿನ ಬೋರ್ಡು ಓದುವಷ್ಟು. ಅವರು ಕನ್ನಡಕ ಏರಿಸಿಕೊಂಡು, ಬೆರಳಿಟ್ಟು, "ಹೋದ ವರ್ಷಕ್ಕಿಂತ ಜ್ವರ ಕಮ್ಮಿ ಅಲ್ವಾ?" ಅಂದರೆ ಚಾರ್ಟ್ ಪಾಸು. "ಏನೇ ಇದು, ಎರೆಹುಳ ಬಿಟ್ಟ ಹಾಗಿದೆ," ಅಂದರೆ ಮಾರನೇ ದಿನ ಮತ್ತೆ ಮೊದಲಿಂದ.

ಅವಳ ಗಂಡ ಪ್ಲಂಬರ್. ಮೈದುನನೂ ಅದೇ ಕಸುಬು. ಅಣ್ಣತಮ್ಮ ಇಬ್ಬರಿಗೂ ಒಂದೇ ವ್ಯಾನು, ಒಂದೇ ಅಂಗಡಿ. ಎಲ್ಲಿ ಹೋದರೂ ಜೊತೆಗೇ ಹೋಗುವವರು. ಒಂದು ದಿನ ದೊಡ್ಡ ಕಟ್ಟಡವೊಂದರ ನೆಲದಡಿಯ ನೀರಿನ ಟ್ಯಾಂಕಿನಲ್ಲಿ ವಾಲ್ವು ಬದಲಾಯಿಸಬೇಕಿತ್ತು. ಬಹಳ ಕಾಲದಿಂದ ಮುಚ್ಚಿಟ್ಟ ಟ್ಯಾಂಕು. ತಮ್ಮ ಸ್ಪ್ಯಾನರ್ ತರಲು ವ್ಯಾನಿನ ಕಡೆ ಹೋಗಿದ್ದ. ಅಣ್ಣ ಮುಚ್ಚಳ ತೆಗೆದವನೇ ಇಳಿದುಬಿಟ್ಟ. ಒಳಗೆ ಉಸಿರಾಡುವ ಗಾಳಿ ಇರಲಿಲ್ಲ. ತಮ್ಮ ವಾಪಸ್ ಬಂದು ಬಗ್ಗಿ ನೋಡುವಾಗ ಅಣ್ಣ ಏಣಿಯ ಬುಡದಲ್ಲಿ ಬಿದ್ದಿದ್ದ. ಇವನೂ ಇಳಿಯಲು ಹೋದಾಗ ಕಟ್ಟಡದ ವಾಚ್‌ಮ್ಯಾನ್ ಹಿಂದಿನಿಂದ ಸೊಂಟಕ್ಕೆ ಕೈ ಹಾಕಿ ಹಿಡಿದುಕೊಂಡನಂತೆ. ಅಗ್ನಿಶಾಮಕದವರು ಬಂದು ಎತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸುದ್ದಿ ತಿಳಿದು ನಾನು ಓಡಿದೆ. ಇತರಮ್ಮ ಅಳುತ್ತಿರಲಿಲ್ಲ. ಹಲ್ಲು ಕಚ್ಚಿ ತಡೆದುಕೊಂಡಿದ್ದಳು ಅಂತಲ್ಲ. ಬಂದವರಿಗೆ ಕುರ್ಚಿ ಹಾಕಿದಳು, ಚಪ್ಪಲಿಗಳನ್ನು ಪಕ್ಕಕ್ಕೆ ಸರಿಸಿ ದಾರಿ ಬಿಡಿಸಿದಳು, ನನ್ನನ್ನು ನೋಡಿ "ಟೀ ಕುಡೀತೀಯಾ ಅಕ್ಕ?" ಅಂದಳು. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಅತ್ತೆಯ ದನಿ ಕೇಳಿಸಿತು. ಅವರು ಚಿಕ್ಕ ಮಗನ ಅಂಗಿ ಹಿಡಿದು ಜಗ್ಗುತ್ತಿದ್ದರು.

"ಅಣ್ಣ ಒಳಗೆ ಸಾಯ್ತಿದ್ರೆ ನೀನು ಮೇಲೆ ನಿಂತ್ಕೊಂಡು ನೋಡ್ತಿದ್ಯಲ್ಲೋ."

ಅವನು "ವಾಚ್‌ಮ್ಯಾನ್ ಹಿಡ್ಕೊಂಡಿದ್ದ ಅಮ್ಮ," ಅಂದ. "ಹಿಡ್ಕೊಂಡ್ರೆ ನಿಂತುಬಿಡೋದಾ?" ಅಂದರು ಅತ್ತೆ. ಅವತ್ತಿನಿಂದ ತಾಯಿ ಮಗನಿಗೆ ಮಾತಿಲ್ಲ.

ಒಂದು ತಿಂಗಳೂ ಆಗಿರಲಿಲ್ಲ, ಇತರಮ್ಮ ಕೆಲಸಕ್ಕೆ ಬಂದಳು. ಇಷ್ಟು ಬೇಗ ಯಾಕೆ ಬಂದೆ ಅಂತ ನಾನು ಬೈದೆ.

"ಮನೇಲಿ ಕೂತ್ರೂ ಅಷ್ಟೇ, ಇಲ್ಲಿ ಕೂತ್ರೂ ಅಷ್ಟೇ. ಏನೂ ಅನಿಸ್ತಾ ಇಲ್ಲ ಅಕ್ಕ. ಹಲ್ಲು ಕೀಳೋಕೆ ಮುಂಚೆ ಸೂಜಿ ಚುಚ್ತಾರಲ್ಲ, ಹಾಗಿದೆ. ಮುಟ್ಟಿದ್ರೆ ಗೊತ್ತಾಗುತ್ತೆ, ನೋವು ಮಾತ್ರ ಇಲ್ಲ."

ಬೆಳಿಗ್ಗೆ ಬರುತ್ತಿದ್ದಳು, ಕಂಪ್ಯೂಟರ್ ಹಚ್ಚುತ್ತಿದ್ದಳು, ಮಧ್ಯಾಹ್ನ ಡಬ್ಬಿ ತೆರೆದು ಅದರಲ್ಲಿದ್ದದ್ದನ್ನು ತಿನ್ನುತ್ತಿದ್ದಳು. ಉಪ್ಪು ಹಾಕಿಲ್ಲ ಅಂತ ನಾನು ಹೇಳಿದರೆ "ಹೌದಾ?" ಅನ್ನುತ್ತಿದ್ದಳು. ಇತರೆ ಅನ್ನುವ ತಮಾಷೆಯನ್ನು ಯಾರೂ ಬಾಯಿಗೆ ತರಲಿಲ್ಲ. ಜಗಳಕ್ಕೆ ನಿಲ್ಲುವ ನನ್ನ ಹುಮ್ಮಸ್ಸೂ ಇಂಗಿಹೋಗಿತ್ತು. ಇಬ್ಬರೂ ಎರಡು ಮೇಜುಗಳ ಹಾಗೆ ಕೂತಿರುತ್ತಿದ್ದೆವು.

ಮೈದುನನ ಸುದ್ದಿ ಮಾತ್ರ ಆಗಾಗ ಹೇಳುತ್ತಿದ್ದಳು. ಅವನು ಅಂಗಡಿಯಲ್ಲೇ ಮಲಗುತ್ತಾನಂತೆ. ಊಟಕ್ಕೆ ಕರೆದರೆ ಬಾಗಿಲ ಹತ್ತಿರ ಕೂತು ನಾಲ್ಕು ತುತ್ತು ತಿಂದು ಏಳುತ್ತಾನಂತೆ. ಆ ವಾಚ್‌ಮ್ಯಾನ್ ಇರುವ ಬೀದಿಗೇ ಹೋಗುವುದಿಲ್ಲವಂತೆ. ಈಗ ಟ್ಯಾಂಕಿನ ಕೆಲಸ ಬಂದರೆ ಬೇಕಂತಲೇ ಒಪ್ಪಿಕೊಂಡು ಒಬ್ಬನೇ ಇಳಿಯುತ್ತಾನಂತೆ, ಮೇಲೆ ಯಾರೂ ನಿಲ್ಲಬಾರದು ಅಂತ ಓಡಿಸುತ್ತಾನಂತೆ.

"ಹೇಳೋದಲ್ವೇನೇ ಅವನಿಗೆ?" ಅಂದೆ.

"ಹೇಳ್ದೆ. 'ನಾನು ಇಳಿದಿದ್ರೆ ಅಣ್ಣ ಬದುಕ್ತಿದ್ದ ಅತ್ತಿಗೆ, ಅಮ್ಮ ಹೇಳಿದ್ದು ಸರಿ' ಅಂತಾನೆ. ಇವನೂ ಹಾಗೇ ಹೋಗಿಬಿಡ್ತಾನೆ ಅಕ್ಕ ಒಂದಿನ." ಹೀಗೆ ಹೇಳುವಾಗಲೂ ಅವಳ ದನಿ ಏರಲಿಲ್ಲ, ಇಳಿಯಲಿಲ್ಲ. ನನಗೆ ಹೆದರಿಕೆಯಾಗಿದ್ದು ಅದಕ್ಕೇ.

ಅಷ್ಟರಲ್ಲಿ ವರದಿಯ ಕಾಲ ಬಂತು. ಅಪಘಾತದ ಸಾವುಗಳ ಚಾರ್ಟನ್ನು ಅವಳು ಎಂದಿನಂತೆ ಮಾಡಿದಳು. ನಾನು ಓರೆಗಣ್ಣಿನಲ್ಲಿ ನೋಡುತ್ತಲೇ ಇದ್ದೆ. ರಸ್ತೆ, ಎತ್ತರದಿಂದ ಬಿದ್ದದ್ದು, ಬೆಂಕಿ, ನೀರು, ಕರೆಂಟು, ಯಂತ್ರ. ಕೊನೆಯಲ್ಲಿ ಬೂದು ಬಾರ್.

"ಇದರಲ್ಲಿ ನಿನ್ನ ಗಂಡ ಎಲ್ಲಿ?" ಅಂದೆ.

ಪೆನ್ಸಿಲ್ ತುದಿಯಿಂದ ಬೂದು ಬಾರ್ ಮುಟ್ಟಿದಳು. "ಇಲ್ಲಿ."

ನನಗೆ ಮೈಯೆಲ್ಲ ಉರಿದುಹೋಯಿತು. "ತಲೆ ಕೆಟ್ಟಿದೆಯೇನೇ ನಿಂಗೆ? ಕಟ್ಟಿಕೊಂಡ ಗಂಡನ್ನ ಕಸದ ಜೊತೆ ಗುಡಿಸಿಬಿಟ್ಯಲ್ಲ."

"ಮುಚ್ಚಿದ ಟ್ಯಾಂಕಿನಲ್ಲಿ ಉಸಿರು ಕಟ್ಟಿ ಹೋದೋರು ಈ ವರ್ಷ ಮೂರು ಜನ. ರಸ್ತೆಯಲ್ಲಿ ನಾನೂರು ಚಿಲ್ಲರೆ. ಒಂದೇ ಅಳತೆಯಲ್ಲಿ ನಿಲ್ಲಿಸಿದ್ರೆ ಇದು ಬಾರ್ ಅಂತಲೇ ಗೊತ್ತಾಗಲ್ಲ, ಅಚ್ಚಿನ ಮಸಿ ಅಂಟಿದೆ ಅಂದ್ಕೋತಾರೆ."

"ಅಂದ್ಕೊಳ್ಳಲಿ."

"ನನ್ನ ಗಂಡ ಅಂತ ನಿಯಮ ಬದಲಾಯಿಸ್ಲಾ? ಹೋದ ವರ್ಷ ಸತ್ತವನ ಹೆಂಡ್ತಿ ಬಂದು ಕೇಳಿದ್ರೆ ಏನು ಹೇಳ್ಲಿ?"

ಸೋಲಬಾರದು ಅಂತ ಕೇಳಿದೆ: "ಹೋದ ವರ್ಷವೂ ಇದ್ರಾ?"

ಅವಳ ಪೆನ್ಸಿಲ್ ನಿಂತಿತು. ಹಳೆಯ ಅಂಕಿಗಳನ್ನು ತೆರೆದಳು. ಹೋದ ವರ್ಷ ನಾಲ್ಕು ಜನ. ಅದರ ಹಿಂದಿನ ವರ್ಷ ಎರಡು. ಅದರ ಹಿಂದೆ ಐದು. ಎಷ್ಟು ಹಿಂದೆ ಹೋದರೂ ಇದ್ದರು. ಯಾವ ವರ್ಷವೂ ಒಂದು ಬಾರ್ ಆಗುವಷ್ಟು ಇರಲಿಲ್ಲ. ಎಲ್ಲರನ್ನೂ ಆಯಾ ವರ್ಷದ ಬೂದು ಬಾರಿಗೆ ಸೇರಿಸಿದ್ದು ಇವಳ ಕೈಯೇ.

"ಒಂದು ವರ್ಷವೂ ತಪ್ಪು ಮಾಡಿಲ್ಲ ಅಕ್ಕ ನಾನು," ಅಂದಳು. "ಪ್ರತಿ ವರ್ಷವೂ ಸರಿಯಾಗೇ ಮಾಡಿದ್ದೀನಿ. ಅದಕ್ಕೇ ಯಾರಿಗೂ ಕಾಣಲಿಲ್ಲ." ಪೆನ್ಸಿಲ್ ಕೆಳಗಿಟ್ಟು ಮತ್ತೆ ಅದೇ ದನಿಯಲ್ಲಿ ಹೇಳಿದಳು: "ಅತ್ತೆಗೆ ಚಾರ್ಟ್ ತೋರಿಸುವಾಗ ನಮ್ಮನೆಯವರೂ ಪಕ್ಕದಲ್ಲಿ ಬಂದು ಬಗ್ಗಿ ನೋಡೋರು. ಕರೆಂಟಿನೋರು ಸಾಯ್ತಾರೆ, ಬಣ್ಣ ಹೊಡೆಯೋರು ಬಿದ್ದು ಸಾಯ್ತಾರೆ, ನಮ್ಮ ಕಸುಬಿನೋರು ಮಾತ್ರ ಎಲ್ಲೂ ಇಲ್ಲ, ಗಟ್ಟಿ ಪಿಂಡಗಳು ಬಿಡು ನಾವು, ಅನ್ನೋರು."

ನಾನು ಅವಳ ಬೆನ್ನ ಮೇಲೆ ಕೈ ಇಟ್ಟೆ. ಕುರ್ಚಿಯ ಬೆನ್ನು ಮುಟ್ಟಿದ ಹಾಗಿತ್ತು.

ಮಾರನೇ ದಿನ ಅವಳು ಅಷ್ಟೂ ವರ್ಷದ ಬೂದು ಬಾರುಗಳನ್ನು ಒಡೆದು, ಟ್ಯಾಂಕಿನವರನ್ನು ಮಾತ್ರ ಹೊರಗೆ ತೆಗೆದಳು. ವರ್ಷಕ್ಕೊಂದು ಬಾರ್ ಮಾಡಿದರೆ ಎಲ್ಲ ಗಿಡ್ಡ ಗಿಡ್ಡ. ಗೆರೆ ಎಳೆದು ನೋಡಿದಳು, ಏರಿಲ್ಲ, ಇಳಿದಿಲ್ಲ. ನೋಡಿದವನು ಏನೂ ಇಲ್ಲ ಬಿಡು ಅನ್ನುವ ಹಾಗಿತ್ತು. ಆಮೇಲೆ ತಾರೀಖಿನ ಪ್ರಕಾರ ಜೋಡಿಸಿದಳು. ಆಗ ನನ್ನನ್ನು ಕರೆದಳು.

"ನೋಡಿಲ್ಲಿ. ಒಂದೇ ದಿನ, ಒಂದೇ ವಿಳಾಸ, ಇಬ್ಬರು. ಇಲ್ಲೂ ಹಾಗೇ. ಜೋಡಿ ಜೋಡಿ ಇದ್ದಾರೆ ಅಕ್ಕ."

ವರ್ಷದ ಒಟ್ಟು ಲೆಕ್ಕ ಮಾಡುವಾಗ ಆ ಜೋಡಿಗಳು ಮುಚ್ಚಿಹೋಗಿದ್ದವು. ಅವಳು ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿದಳು. ಅಲ್ಲಿನ ಅಧಿಕಾರಿ, ಇದರಲ್ಲಿ ಆಶ್ಚರ್ಯ ಏನಿದೆ ಅನ್ನುವ ಹಾಗೆ ಹೇಳಿದರು: ಮೊದಲನೆಯವನು ಬೀಳುತ್ತಾನೆ, ಜೊತೆಗಿದ್ದವನು ಎತ್ತಲು ಇಳಿಯುತ್ತಾನೆ, ಅವನೂ ಅಲ್ಲೇ ಬೀಳುತ್ತಾನೆ. ಇವಳು ಅಷ್ಟಕ್ಕೆ ಬಿಡಲಿಲ್ಲ. "ನಮ್ಮಲ್ಲಿಗೆ ಬರೋದು ಸತ್ತೋರ ಲೆಕ್ಕ ಮಾತ್ರ. ಎತ್ತೋಕೆ ಇಳಿದು ಬದುಕಿ ಬಂದೋರು ಇದ್ರೆ ನನಗೆ ಕಾಣಲ್ಲ ಸಾರ್. ಅವರನ್ನೂ ಹುಡುಕಿ ಕೊಡಿ," ಅಂತ ದುಂಬಾಲು ಬಿದ್ದಳು. ಅವರು ಒಂದು ವಾರ ತೆಗೆದುಕೊಂಡು ಹುಡುಕಿದರು. ಹಗ್ಗವಿಲ್ಲದೆ, ಮುಖಕ್ಕೆ ಉಸಿರಾಟದ ಮಾಸ್ಕ್ ಇಲ್ಲದೆ ಇಳಿದು ಜೀವಂತವಾಗಿ ಬಂದವನು ಒಬ್ಬ ಸಿಕ್ಕ.

ಚಿತ್ರ ಹೀಗಾಯಿತು. ಒಂದು ಟ್ಯಾಂಕಿಗೆ ಒಂದು ಸಾಲು. ಸಾಲಿನಲ್ಲಿ ಮೊದಲ ಕರಿ ಚುಕ್ಕೆ ಮೊದಲು ಇಳಿದವನು. ಅದರ ಪಕ್ಕದ ಚುಕ್ಕೆ ಅವನನ್ನು ಎತ್ತಲು ಹೋದವನು. ಕೆಲವು ಕಡೆ ಮೂರನೆಯದೂ ಇತ್ತು. ಬದುಕಿದವನಿಗೆ ಟೊಳ್ಳು ಚುಕ್ಕೆ. ಬೇರೆ ಗೆರೆಯಿಲ್ಲ, ಬಣ್ಣವಿಲ್ಲ. ಮೇಲೆ ಒಂದು ವಾಕ್ಯ: ಟ್ಯಾಂಕಿನಲ್ಲಿ ಬಿದ್ದವರನ್ನು ಎತ್ತಲು ಹಗ್ಗ, ಮಾಸ್ಕ್ ಇಲ್ಲದೆ ಇಳಿದವರಲ್ಲಿ ಬದುಕಿ ಬಂದವರು ಒಬ್ಬರೇ. ಕೆಳಗೆ ಇನ್ನೊಂದು: ಒಳಗಿನ ಗಾಳಿ ಪರೀಕ್ಷೆ ಮಾಡಿಸದೆ ಇಳಿಯಬೇಡಿ, ಯಾರಾದರೂ ಬಿದ್ದರೆ ಹಿಂದೆಯೇ ಇಳಿಯಬೇಡಿ, ಅಗ್ನಿಶಾಮಕದವರನ್ನು ಕರೆಯಿರಿ.

ಇದನ್ನು ಅವಳು ವರದಿಗೆ ಅಂತ ಮಾತ್ರ ಮಾಡುತ್ತಿಲ್ಲ ಅಂತ ನನಗೆ ತಿಳಿದುಹೋಯಿತು. ತಿಳಿದ ಕೂಡಲೇ ಅವಳ ಮೇಲೆ ರೇಗಿದೆ.

"ಆ ಟೊಳ್ಳು ಚುಕ್ಕೆ ತೆಗೆದುಹಾಕು. ನಿನ್ನ ಮೈದುನ ಅದೊಂದನ್ನೇ ಹಿಡ್ಕೊಂಡು ಕೂರ್ತಾನೆ."

"ಒಬ್ಬ ಬದುಕಿದ್ದಾನಲ್ಲ ಅಕ್ಕ."

"ಒಬ್ಬ ತಾನೇ? ಇಷ್ಟು ವರ್ಷ ನಾಲ್ಕು, ಐದು ಇದ್ರೂ ಕಾಣದ ಹಾಗೆ ಮಾಡಿದೋಳು ನೀನು. ಈಗ ಒಂದನ್ನ ಬಿಡೋಕೆ ಏನು ಕಷ್ಟ?"

ಮಾತು ಬಾಯಿಂದ ಬಿದ್ದುಹೋಯಿತು. ಅವಳು ಬೇಜಾರು ಮಾಡಿಕೊಳ್ಳಲಿಲ್ಲ, ಮಾಡಿಕೊಂಡಿದ್ದರೆ ಚೆನ್ನಾಗಿತ್ತು. "ಅದಕ್ಕೇ ಬಿಡಲ್ಲ," ಅಂದಳು.

ಸಾಹೇಬರು ಇದನ್ನು ವರದಿಗೆ ಹಾಕಲು ಒಪ್ಪುವುದಿಲ್ಲ, ಜಗಳ ಆಗಿಯೇ ಆಗುತ್ತದೆ ಅಂತ ನಾನು ಸೆರಗು ಬಿಗಿದುಕೊಂಡು ಅವರ ಕೋಣೆಗೆ ಹೋದೆ. ಅವರು ಹಾಳೆಯನ್ನು ಬಹಳ ಹೊತ್ತು ನೋಡಿದರು. "ಕೊನೆ ಪುಟ ಖಾಲಿ ಇದೆಯಲ್ಲ, ಅಲ್ಲಿಗೆ ಹಾಕಿ," ಅಂದರು. ನಾನು ಕಲಿತುಕೊಂಡು ಹೋದ ಭಾಷಣವೆಲ್ಲ ನುಂಗಿಕೊಂಡು ವಾಪಸ್ ಬಂದೆ.

ಭಾನುವಾರ ಮಧ್ಯಾಹ್ನ ಅವಳು ನನ್ನನ್ನೂ ಮನೆಗೆ ಕರೆದಳು. ಅಡುಗೆಮನೆಯ ಸಿಂಕಿನ ಕೆಳಗೆ ನೀರು ಸೋರುತ್ತಿದೆ ಅಂತ ಮೈದುನನಿಗೂ ಹೇಳಿ ಕಳಿಸಿದ್ದಳು. ನಾನು ಹೋದಾಗ ಅವನು ಸಿಂಕಿನ ಕೆಳಗೆ ಅಂಗಾತ ಮಲಗಿದ್ದ, ಕಾಲುಗಳು ಮಾತ್ರ ಕಾಣುತ್ತಿದ್ದವು. ಅತ್ತೆ ಅದೇ ಅಡುಗೆಮನೆಯ ಮೇಜಿನ ಹತ್ತಿರ, ಅವನಿಗೆ ಬೆನ್ನು ಹಾಕಿ ಕೂತಿದ್ದರು. ಇತರಮ್ಮ ಹಾಳೆಯನ್ನು ಅತ್ತೆಯ ಮುಂದೆ ಇಟ್ಟಳು.

ಅತ್ತೆ ಕನ್ನಡಕ ಹಾಕಿಕೊಂಡರು. "ಒಂದೊಂದು ಸಾಲು ಒಂದೊಂದು ಮನೆಯಾ?"

"ಒಂದೊಂದು ಟ್ಯಾಂಕು ಅತ್ತೆ."

ಅತ್ತೆ ಮೊದಲ ಸಾಲಿನ ಮೇಲೆ ಬೆರಳಿಟ್ಟರು. "ಕರಿ ಚುಕ್ಕೆ?"

"ಹೋದೋರು. ಮೊದಲನೇದು ಮೊದಲು ಇಳಿದೋರು. ಪಕ್ಕದ್ದು ಅವರನ್ನ ಎತ್ತೋಕೆ ಹೋದೋರು."

ಬೆರಳು ಸಾಲಿಂದ ಸಾಲಿಗೆ ಇಳಿಯಿತು. "ಇಲ್ಲಿ ಇಬ್ರು. ಇಲ್ಲೂ ಇಬ್ರು. ಇಲ್ಲಿ ಮೂವರಾ?"

"ಅಪ್ಪ, ಇಬ್ಬರು ಮಕ್ಕಳು."

"ಈ ಟೊಳ್ಳುದು ಏನು?"

"ಅವನೊಬ್ಬ ಬದುಕಿ ಬಂದ, ಅತ್ತೆ."

ಸಿಂಕಿನ ಕೆಳಗಿನ ಸದ್ದು ನಿಂತಿತು. ಮೈದುನ ಹೊರಗೆ ಬಂದ. ಕೈಯಲ್ಲಿ ಸ್ಪ್ಯಾನರ್ ಹಾಗೇ ಇತ್ತು. ಮೇಜಿನ ಹತ್ತಿರ ಬಂದು ಬಗ್ಗಿ ನೋಡಿದ.

"ಒಬ್ಬ ಬಂದಿದ್ದಾನಲ್ಲ ಅತ್ತಿಗೆ," ಅಂದ. "ನಾನೂ ಬರ್ತಿದ್ದೆ. ಅಣ್ಣನ್ನ ಕರ್ಕೊಂಡೇ ಬರ್ತಿದ್ದೆ."

ನಾನು ಅವತ್ತೇ ಬಡಕೊಂಡೆ ಅಂತ ಇತರಮ್ಮನ ಮುಖ ನೋಡಿದೆ. ಅತ್ತೆ ತಲೆ ಎತ್ತಲಿಲ್ಲ. ಅವರ ಬೆರಳು ಕೊನೆಯ ಸಾಲಿಗೆ ಬಂದಿತ್ತು. ಅಲ್ಲಿ ಒಂದೇ ಚುಕ್ಕೆ.

"ಇದು ನಮ್ಮವನಾ?"

"ಹೂಂ."

ಅತ್ತೆ ಆ ಚುಕ್ಕೆಯ ಮೇಲೆ ಬೆರಳಿಟ್ಟುಕೊಂಡೇ ಇದ್ದರು. ಆಮೇಲೆ ಬೆರಳನ್ನು ಪಕ್ಕಕ್ಕೆ ಸರಿಸಿದರು. ಮೇಲಿನ ಸಾಲುಗಳಲ್ಲಿ ಎರಡನೆಯ ಚುಕ್ಕೆ ಇರುವ ಕಡೆ ಇಲ್ಲಿ ಬರೀ ಬಿಳಿ ಕಾಗದ. ಅಲ್ಲಿ ಒಂದು ಸಲ ಸವರಿದರು, ಇನ್ನೊಂದು ಸಲ ಸವರಿದರು. ಅವರ ಉಸಿರು ನನಗೆ ಕೇಳಿಸುತ್ತಿತ್ತು. ಆ ಜಾಗ ಯಾರದ್ದು ಅಂತ ಯಾರೂ ಹೇಳಲಿಲ್ಲ.

"ವಾಚ್‌ಮ್ಯಾನ್ ಹಿಡ್ಕೊಂಡಿದ್ದ ಅಂದ್ಯಲ್ಲ ಅವತ್ತು," ಅಂದರು ಅತ್ತೆ, ಕಾಗದ ನೋಡುತ್ತಲೇ. ಮಾತು ಮಗನಿಗೆ ಅಂತ ಅರ್ಥವಾಗಲು ಅವನಿಗೇ ಸ್ವಲ್ಪ ಹೊತ್ತು ಬೇಕಾಯಿತು.

"ಹೂಂ ಅಮ್ಮ."

"ಬಿಗಿಯಾಗಿ ಹಿಡ್ಕೊಂಡಿದ್ನಾ?"

"ಅವನ ಕೈ ಕಚ್ಚಿಬಿಟ್ಟೆ ಅಮ್ಮ. ರಕ್ತ ಬಂತು. ಅಳ್ತಿದ್ದ ಅವನು. ಆದ್ರೂ ಬಿಡ್ಲಿಲ್ಲ."

ಅತ್ತೆ ಆಗ ತಲೆ ಎತ್ತಿ ಮಗನ ಮುಖ ನೋಡಿದರು.

"ಈಗ ಹೇಗಿದೆಯಂತೆ ಅವನ ಕೈ?"

"ಗೊತ್ತಿಲ್ಲ. ನಾನು ಆ ಕಡೆ ಹೋಗಿಲ್ಲ."

"ನಡಿ, ನೋಡ್ಕೊಂಡು ಬರೋಣ," ಅಂತ ಅತ್ತೆ ಮೇಜು ಹಿಡಿದುಕೊಂಡು ಎದ್ದು ಚಪ್ಪಲಿ ಹುಡುಕತೊಡಗಿದರು. ಮಗ ಸ್ಪ್ಯಾನರನ್ನು ಹಾಳೆಯ ಪಕ್ಕದಲ್ಲಿಟ್ಟು, ಬಗ್ಗಿ, ಮೇಜಿನ ಕೆಳಗಿದ್ದ ಚಪ್ಪಲಿಯನ್ನು ಅವರ ಕಾಲ ಹತ್ತಿರಕ್ಕೆ ಸರಿಸಿದ.